ಬಖರು ಮತ್ತು ದಫ್ತರ: ಸೈಂಟಾಲಜಿ ಹಾಗೂ ಅದರ ಸ್ಥಾಪಕರನ್ನು ಕುರಿತ ಸ್ವತಂತ್ರ ಗ್ರಂಥಗಳ ಅಧ್ಯಯನ

ಪೀಠಿಕೆ

ಜೀವನಚರಿತ್ರೆಯನ್ನು ಓದುವ ವಿದ್ಯಾರ್ಥಿ ಪ್ರತಿ ಪುಟದಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಈ ಮಾತನ್ನು ಹೇಳುತ್ತಿರುವವರು ಯಾರು? ಅವರಿಗೆ ಇದು ತಿಳಿದದ್ದು ಹೇಗೆ? ಗಡಿನಾಡಿನ ಓದುಗರಿಗೆ ಈ ಪ್ರಶ್ನೆಗಳು ಹೊಸವೇನಲ್ಲ. ಮರಾಠಿಯ ಬಖರು ವೀರಪುರುಷನ ಕಥೆಯನ್ನು ಅಭಿಮಾನದಿಂದ ಹೇಳುತ್ತದೆ; ದಫ್ತರದ ಕಾಗದವು ತಿಥಿ, ಹಣ, ಹೆಸರುಗಳನ್ನು ಮಾತ್ರ ಹೇಳುತ್ತದೆ. ವಿ. ಕಾ. ರಾಜವಾಡೆಯವರು ಬಖರುಗಳನ್ನು ಸಂಶಯದಿಂದ ಕಂಡು, ಊರೂರು ಅಲೆದು ಮೂಲಪತ್ರಗಳನ್ನು ಕೂಡಿಹಾಕಿದ್ದು ಈ ಅಂತರವನ್ನು ಅರಿತೇ. ಕನ್ನಡದಲ್ಲಿಯೂ ಬಸವಣ್ಣನವರ ಬಾಳನ್ನು ತಿಳಿಯಲು ಹರಿಹರನ ರಗಳೆ, ಭೀಮಕವಿಯ ಪುರಾಣಗಳು ಒಂದು ಬಗೆಯ ಆಕರವಾದರೆ, 1260ರ ಅರ್ಜುನವಾಡ ಶಾಸನವು ಮತ್ತೊಂದು ಬಗೆಯ ಆಕರ. ಪುರಾಣವನ್ನು ಸುಳ್ಳೆಂದು ತಳ್ಳುವುದಾಗಲಿ, ಶಾಸನವೊಂದೇ ಸಾಕೆಂದು ಭಾವಿಸುವುದಾಗಲಿ ಸರಿಯಲ್ಲ. ಎರಡನ್ನೂ ಓದುವ ಕ್ರಮ ಬೇರೆ ಬೇರೆ ಎಂಬುದೇ ಮುಖ್ಯ.

ಹಳೆಯ ಮಹಾಪುರುಷರ ವಿಷಯದಲ್ಲಿ ಪುರಾಣಕ್ಕೂ ದಾಖಲೆಗೂ ನಡುವೆ ಎಷ್ಟೋ ವೇಳೆ ಒಂದೆರಡು ಶತಮಾನಗಳ ಅಂತರವಿರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಒಂದು ಮತದ ಸ್ಥಾಪಕರ ವಿಷಯದಲ್ಲಿ ಹಾಗಲ್ಲ. ಅಲ್ಲಿ ವಿಶ್ವವಿದ್ಯಾಲಯದ ಅಂಕಪಟ್ಟಿ, ನೌಕಾಪಡೆಯ ಸೇವಾಪುಸ್ತಕ, ನ್ಯಾಯಾಲಯದ ತೀರ್ಪು, ವೃತ್ತಪತ್ರಿಕೆಯ ವರದಿ ಎಲ್ಲವೂ ಉಳಿದಿರುತ್ತವೆ. ಅದೇ ಕಾಲದಲ್ಲಿ ಅನುಯಾಯಿಗಳ ಪುರಾಣವೂ ಬೆಳೆಯುತ್ತಿರುತ್ತದೆ. ಅಮೆರಿಕದ ಎಲ್. ರಾನ್ ಹಬ್ಬರ್ಡ್ ಮತ್ತು ಅವರು ಸ್ಥಾಪಿಸಿದ ಸೈಂಟಾಲಜಿಯನ್ನು ಕುರಿತು ಎಪ್ಪತ್ತು ವರ್ಷಗಳಿಂದ ಹೊರಬಂದಿರುವ ಸ್ವತಂತ್ರ ಗ್ರಂಥಗಳು ಈ ದೃಷ್ಟಿಯಿಂದ ಅಧ್ಯಯನಯೋಗ್ಯವಾಗಿವೆ. ಅವುಗಳ ಇತಿಹಾಸವು ಜೀವನಚರಿತ್ರೆಯ ವಿಧಾನ, ಉದ್ಧರಣೆಯ ಹಕ್ಕು, ಲೇಖಕನು ತೆರಬೇಕಾದ ಬೆಲೆ ಎಂಬ ಮೂರು ವಿಷಯಗಳಿಗೂ ನೇರವಾಗಿ ಸಂಬಂಧಿಸಿದೆ.

1. ವಿಷಯದ ಹಿನ್ನೆಲೆ

ಹಬ್ಬರ್ಡ್ ಅವರು 1911ರ ಮಾರ್ಚ್ 13ರಂದು ನೆಬ್ರಾಸ್ಕಾ ರಾಜ್ಯದ ಟಿಲ್ಡನ್ ಎಂಬಲ್ಲಿ ಜನಿಸಿದರು. 1930ರ ದಶಕದಲ್ಲಿ ಅಗ್ಗದ ಕಥಾಪತ್ರಿಕೆಗಳಿಗೆ ಸಾಹಸಕಥೆ, ವಿಜ್ಞಾನಕಥೆಗಳನ್ನು ವೇಗವಾಗಿ ಬರೆಯುತ್ತಿದ್ದ ಲೇಖಕರವರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿಯಾಗಿದ್ದರು. 1950ರ ಮೇ ತಿಂಗಳಲ್ಲಿ ಜಾನ್ ಕ್ಯಾಂಪ್‌ಬೆಲ್ ಸಂಪಾದಿಸುತ್ತಿದ್ದ 'ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್' ಪತ್ರಿಕೆಯಲ್ಲಿ ಅವರ 'ಡಯಾನೆಟಿಕ್ಸ್' ಎಂಬ ಲೇಖನವೂ, ಅದೇ ತಿಂಗಳು ಅದೇ ಹೆಸರಿನ ಗ್ರಂಥವೂ ಪ್ರಕಟವಾದವು. ಹಿಂದಿನ ನೋವಿನ ಅನುಭವಗಳು 'ಎನ್‌ಗ್ರಾಮ್' ಎಂಬ ಅಚ್ಚುಗಳಾಗಿ ಮನಸ್ಸಿನಲ್ಲಿ ಉಳಿದು ಮನುಷ್ಯನನ್ನು ಕಾಡುತ್ತವೆ, 'ಆಡಿಟಿಂಗ್' ಎಂಬ ಪ್ರಶ್ನೋತ್ತರ ಕ್ರಮದಿಂದ ಅವನ್ನು ಅಳಿಸಿದರೆ ವ್ಯಕ್ತಿಯು 'ಕ್ಲಿಯರ್' ಎಂಬ ಸ್ಥಿತಿಯನ್ನು ಮುಟ್ಟುತ್ತಾನೆ ಎಂಬುದು ಅದರ ಪ್ರತಿಪಾದನೆ. ಪುಸ್ತಕ ಭರದಿಂದ ಮಾರಾಟವಾಯಿತು. ಮುಂದೆ ಹಬ್ಬರ್ಡ್ ಇದಕ್ಕೆ ಜನ್ಮಾಂತರ, 'ಥೇಟನ್' ಎಂಬ ಅಮರ ಚೇತನ ಮೊದಲಾದ ಕಲ್ಪನೆಗಳನ್ನು ಸೇರಿಸಿ ಸೈಂಟಾಲಜಿಯೆಂದು ಕರೆದರು. 1953ರ ಡಿಸೆಂಬರಿನಲ್ಲಿ ಅದು ಚರ್ಚ್ ಎಂಬ ಹೆಸರಿನಿಂದ ನೋಂದಾಯಿತವಾಯಿತು. ಹಬ್ಬರ್ಡ್ 1986ರ ಜನವರಿ 24ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಸೈಂಟಾಲಜಿಯ ಸ್ಥಾನಮಾನದ ಬಗ್ಗೆ ದೇಶದೇಶಗಳಲ್ಲಿ ಭಿನ್ನ ನಿರ್ಣಯಗಳಿವೆ. ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯವು 1983ರಲ್ಲಿ ಅದನ್ನು ಧರ್ಮವೆಂದು ಒಪ್ಪಿತು. ಅಮೆರಿಕದ ತೆರಿಗೆ ಇಲಾಖೆಯು 1993ರಲ್ಲಿ ವಿನಾಯಿತಿ ನೀಡಿತು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಅದರ ಪ್ರಾರ್ಥನಾಮಂದಿರವನ್ನು ಧಾರ್ಮಿಕ ಪೂಜಾಸ್ಥಳವೆಂದು ಮಾನ್ಯಮಾಡಿತು. ಫ್ರಾನ್ಸಿನ ನ್ಯಾಯಾಲಯವಾದರೋ 2009ರಲ್ಲಿ ಸಂಸ್ಥೆಯನ್ನು ಸಂಘಟಿತ ವಂಚನೆಯ ಅಪರಾಧಿಯೆಂದು ಘೋಷಿಸಿತು. ಧರ್ಮವೇ ಅಲ್ಲವೇ ಎಂಬ ವಿವಾದವನ್ನು ಬಗೆಹರಿಸುವುದು ಈ ಪಾಠದ ಉದ್ದೇಶವಲ್ಲ. ಯಾರ ಶ್ರದ್ಧೆ ಯಾವುದೇ ಇರಲಿ, ಸ್ಥಾಪಕರ ಬಾಳಿನ ಬಗ್ಗೆ ಹೇಳಿದ ಸಂಗತಿಯು ನಡೆದದ್ದೋ ಇಲ್ಲವೋ ಎಂಬುದು ಪರಿಶೀಲನೆಗೆ ಒಳಪಡುವ ಪ್ರಶ್ನೆ. ಶ್ರದ್ಧೆಯ ಪ್ರಶ್ನೆಯನ್ನೂ ಸಂಗತಿಯ ಪ್ರಶ್ನೆಯನ್ನೂ ಬೇರ್ಪಡಿಸಿಕೊಳ್ಳುವುದು ವಿದ್ಯಾರ್ಥಿಯ ಮೊದಲ ಕೆಲಸ.

2. ಆರಂಭದ ಗ್ರಂಥಗಳು

ಮೊದಲ ವಿಮರ್ಶೆ ಬಂದದ್ದು ಒಳಗಿನವರಿಂದಲೇ. ಹಬ್ಬರ್ಡ್ ಅವರ 1950ರ ಗ್ರಂಥಕ್ಕೆ ಪರಿಚಯ ಬರೆದಿದ್ದ ವೈದ್ಯ ಜೋಸೆಫ್ ವಿಂಟರ್ ಕೆಲವೇ ತಿಂಗಳಲ್ಲಿ ಸಂಸ್ಥೆಯನ್ನು ತೊರೆದು, 1951ರಲ್ಲಿ 'ಎ ಡಾಕ್ಟರ್ಸ್ ರಿಪೋರ್ಟ್ ಆನ್ ಡಯಾನೆಟಿಕ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿದರು. ಇದು ದ್ವೇಷದ ಬರಹವಲ್ಲ. ವಿಧಾನದಲ್ಲಿ ತಮಗೆ ಉಪಯುಕ್ತವೆಂದು ಕಂಡದ್ದನ್ನು ಅವರು ಒಪ್ಪುತ್ತಾರೆ. ಆದರೆ ದೊಡ್ಡ ಪ್ರತಿಪಾದನೆಗಳಿಗೆ ತಕ್ಕ ವೈಜ್ಞಾನಿಕ ಆಧಾರವಿಲ್ಲವೆಂದೂ, ತರಬೇತಿಯಿಲ್ಲದವರು ಅದನ್ನು ಪ್ರಯೋಗಿಸುವುದು ಅಪಾಯವೆಂದೂ ಎಚ್ಚರಿಸುತ್ತಾರೆ. ಮರುವರ್ಷ, 1952ರಲ್ಲಿ, ಮಾರ್ಟಿನ್ ಗಾರ್ಡ್ನರ್ ತಮ 'ಇನ್ ದ ನೇಮ್ ಆಫ್ ಸೈನ್ಸ್' ಎಂಬ ಗ್ರಂಥದ ಒಂದು ಅಧ್ಯಾಯವನ್ನು ಡಯಾನೆಟಿಕ್ಸಿಗೆ ಮೀಸಲಿಟ್ಟರು. ಹುಸಿವಿಜ್ಞಾನಗಳ ಸಾಲಿನಲ್ಲಿ ಅದನ್ನು ನಿಲ್ಲಿಸಿ ನೋಡಿದ್ದು ಆ ಅಧ್ಯಾಯದ ಹೆಚ್ಚಳ.

1965ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯವು ನೇಮಿಸಿದ್ದ ಕೆವಿನ್ ಆ್ಯಂಡರ್ಸನ್ ವಿಚಾರಣಾ ಮಂಡಳಿಯ ವರದಿ ಹೊರಬಂತು. ಅದರಲ್ಲಿ ಸಾಕ್ಷ್ಯಗಳ ರಾಶಿಯೇ ಇದೆ. ಆದರೆ ವರದಿಯ ಧ್ವನಿ ಬಹಳ ಕಟು. ಅದರ ಬೆನ್ನಿಗೆ ಬಂದ ನಿಷೇಧಕ ಕಾನೂನನ್ನು ವಿಕ್ಟೋರಿಯಾ 1982ರಲ್ಲಿ ಹಿಂತೆಗೆದುಕೊಂಡಿತು. ಇಲ್ಲಿ ಒಂದು ಪಾಠವಿದೆ. ಸಾಕ್ಷ್ಯವು ಗಟ್ಟಿಯಾಗಿರುವಾಗ ವಿಶೇಷಣಗಳನ್ನು ಪೇರಿಸುವುದರಿಂದ ಬರಹದ ಬಲ ಹೆಚ್ಚುವುದಿಲ್ಲ, ತಗ್ಗುತ್ತದೆ. ಎದುರಾಳಿಗೆ ಸಂಗತಿಯನ್ನು ಬಿಟ್ಟು ಧ್ವನಿಯನ್ನು ಹಿಡಿದು ವಾದಿಸುವ ಅವಕಾಶವೂ ದೊರೆಯುತ್ತದೆ.

3. ಬರೆದುದರ ಬೆಲೆ: ಪಾಲೆಟ್ ಕೂಪರ್

ಈ ಗ್ರಂಥಪರಂಪರೆಯಲ್ಲಿ ಅತ್ಯಂತ ನೋವಿನ ಅಧ್ಯಾಯ ನ್ಯೂಯಾರ್ಕಿನ ಲೇಖಕಿ ಪಾಲೆಟ್ ಕೂಪರ್ ಅವರದು. ಯುದ್ಧಕಾಲದ ಬೆಲ್ಜಿಯಂನಲ್ಲಿ ಹುಟ್ಟಿ, ತಂದೆತಾಯಿಗಳನ್ನು ಆಶ್ವಿಟ್ಜ್‌ನಲ್ಲಿ ಕಳೆದುಕೊಂಡು, ಅಮೆರಿಕದ ಕುಟುಂಬವೊಂದರಲ್ಲಿ ದತ್ತುಮಗಳಾಗಿ ಬೆಳೆದವರು ಅವರು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರೆ. 1971ರಲ್ಲಿ ಅವರ 'ದ ಸ್ಕ್ಯಾಂಡಲ್ ಆಫ್ ಸೈಂಟಾಲಜಿ' ಪ್ರಕಟವಾಯಿತು. ಸಂಸ್ಥೆಯು ಅವರ ಮೇಲೆ ಒಂದರ ಮೇಲೊಂದು ದಾವೆ ಹೂಡಿತು. ಎಲ್ಲ ಸೇರಿ ಅವುಗಳ ಸಂಖ್ಯೆ 19. ಪ್ರಕಾಶಕರು ಪುಸ್ತಕವನ್ನು ಹಿಂತೆಗೆದುಕೊಂಡರು.

ಅಷ್ಟಕ್ಕೇ ನಿಲ್ಲಲಿಲ್ಲ. 1972ರ ಕೊನೆಯಲ್ಲಿ ನ್ಯೂಯಾರ್ಕಿನ ಸೈಂಟಾಲಜಿ ಕಚೇರಿಗೆ ಬಾಂಬಿನ ಬೆದರಿಕೆಯ ಪತ್ರಗಳು ಬಂದವೆಂದು ದೂರು ದಾಖಲಾಯಿತು. ಪತ್ರವೊಂದರ ಮೇಲೆ ಕೂಪರ್ ಅವರ ಬೆರಳಚ್ಚು ದೊರೆಯಿತು. 1973ರಲ್ಲಿ ಅವರ ಮೇಲೆ ದೋಷಾರೋಪಣೆಯಾಯಿತು. ತಾನು ಬರೆಯದ ಪತ್ರಕ್ಕಾಗಿ ಸೆರೆಮನೆಯ ಭೀತಿಯನ್ನು ಹೊತ್ತು, ವಕೀಲರ ಖರ್ಚಿನ ಭಾರದಲ್ಲಿ ಕುಸಿಯುತ್ತ, ಪರಿಚಿತರ ಸಂಶಯದ ನೋಟದ ನಡುವೆ ಅವರು ದಿನ ನೂಕಿದರು. 1975ರಲ್ಲಿ ಸರ್ಕಾರ ಆರೋಪವನ್ನು ಕೈಬಿಟ್ಟಿತಾದರೂ ಅವರು ನಿರಪರಾಧಿಯೆಂಬುದು ಆಗ ಸಿದ್ಧವಾಗಲಿಲ್ಲ.

ಅದು ಸಿದ್ಧವಾದದ್ದು 1977ರ ಜುಲೈ 8ರ ನಂತರ. ಅಂದು ಅಮೆರಿಕದ ಕೇಂದ್ರ ತನಿಖಾ ದಳವು ಸೈಂಟಾಲಜಿಯ ಕಚೇರಿಗಳನ್ನು ಶೋಧಿಸಿತು. ಸರ್ಕಾರಿ ಕಚೇರಿಗಳೊಳಗೆ ತನ್ನವರನ್ನು ನುಗ್ಗಿಸಿ ಕಾಗದಪತ್ರ ಕದ್ದ ಯೋಜನೆಯೊಂದರ ಪತ್ತೆಗಾಗಿ ನಡೆದ ಶೋಧ ಅದು. ವಶಪಡಿಸಿಕೊಂಡ ಕಡತಗಳ ನಡುವೆ ಕೂಪರ್ ಅವರನ್ನು ಸಿಲುಕಿಸಿದ್ದರ ಸುಳಿವೂ, ಅವರನ್ನು ಸೆರೆಮನೆಗೋ ಮಾನಸಿಕ ಆಸ್ಪತ್ರೆಗೋ ಸೇರಿಸಲು 1976ರಲ್ಲಿ ಹೂಡಿದ್ದ 'ಆಪರೇಷನ್ ಫ್ರೀಕೌಟ್' ಎಂಬ ಸಂಚಿನ ಬರಹಗಳೂ ದೊರೆತವು. ಸರ್ಕಾರಿ ಕಾಗದಗಳ ಕಳವಿನ ಪ್ರಕರಣದಲ್ಲಿ ಹಬ್ಬರ್ಡ್ ಅವರ ಪತ್ನಿ ಮೇರಿ ಸೂ ಸೇರಿದಂತೆ 11 ಮಂದಿ ಅಪರಾಧಿಗಳೆಂದು ನಿರ್ಣಯವಾಯಿತು. ಈ ಕೃತ್ಯಗಳನ್ನೆಸಗಿದ 'ಗಾರ್ಡಿಯನ್ಸ್ ಆಫೀಸ್' ಎಂಬ ವಿಭಾಗವು ದಾರಿತಪ್ಪಿತ್ತು, ಅದನ್ನು ಬಳಿಕ ವಿಸರ್ಜಿಸಲಾಯಿತು ಎಂಬುದು ಸಂಸ್ಥೆಯ ನಿಲುವು. ಕೂಪರ್ ಅವರೊಂದಿಗಿನ ವ್ಯಾಜ್ಯಗಳು 1985ರಲ್ಲಿ ರಾಜಿಯಲ್ಲಿ ಮುಗಿದವು. ಅವರ ಕಥೆಯನ್ನು ಟೋನಿ ಒರ್ಟೆಗಾ 2015ರಲ್ಲಿ 'ದ ಅನ್‌ಬ್ರೇಕಬಲ್ ಮಿಸ್ ಲವ್ಲಿ' ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ಬರೆದರು.

ಕೂಪರ್ ಅವರ ಪುಸ್ತಕವು ಪರಿಪೂರ್ಣವಾದ ಸಂಶೋಧನಾ ಗ್ರಂಥವೇನೂ ಅಲ್ಲ. ಅದು ಅವಸರದ ಕಾಲದ ಪತ್ರಿಕಾ ಬರಹ. ಅದರ ಮಹತ್ತ್ವ ಬೇರೆಡೆ ಇದೆ. ಟೀಕೆಗೆ ಉತ್ತರ ಕೊಡುವುದು ಒಂದು, ಟೀಕಾಕಾರರ ಬಾಳನ್ನೇ ಕೆಡಿಸುವುದು ಇನ್ನೊಂದು. ಎರಡನೆಯದು ನಡೆದಾಗ ಆ ಕೃತ್ಯದ ದಾಖಲೆಯೇ ಮೂಲಪುಸ್ತಕಕ್ಕಿಂತ ದೊಡ್ಡ ಸಾಕ್ಷ್ಯವಾಗಿ ನಿಲ್ಲುತ್ತದೆ.

4. ಶಾಸ್ತ್ರೀಯ ಅಧ್ಯಯನ: ರಾಯ್ ವಾಲಿಸ್

ಸಮಾಜಶಾಸ್ತ್ರಜ್ಞ ರಾಯ್ ವಾಲಿಸ್ 1976ರಲ್ಲಿ 'ದ ರೋಡ್ ಟು ಟೋಟಲ್ ಫ್ರೀಡಮ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಡಯಾನೆಟಿಕ್ಸ್ ಮೊದಲಿಗೆ ಸಡಿಲವಾದ ಗುಂಪಾಗಿತ್ತು. ಸತ್ಯವನ್ನು ಪ್ರತಿಯೊಬ್ಬನೂ ತನ್ನ ಅನುಭವದಿಂದ ನಿಶ್ಚಯಿಸಬಹುದಾಗಿತ್ತು. ಸೈಂಟಾಲಜಿಯಾಗಿ ಮಾರ್ಪಟ್ಟಾಗ ಸತ್ಯದ ಅಧಿಕಾರವೆಲ್ಲ ಸ್ಥಾಪಕರೊಬ್ಬರ ಕೈಯಲ್ಲಿ ಕೇಂದ್ರೀಕೃತವಾಯಿತು. ಈ ಪರಿವರ್ತನೆಯನ್ನು ವಿವರಿಸುವುದು ವಾಲಿಸ್ ಅವರ ಮುಖ್ಯ ವಾದ. ಇದರಲ್ಲಿ ನಿಂದೆಯಿಲ್ಲ, ವಿಶ್ಲೇಷಣೆಯಿದೆ. ಆದಾಗ್ಯೂ ಸಂಶೋಧನೆಯ ವೇಳೆ ಅವರ ಹೆಸರಿನಲ್ಲಿ ಖೋಟಾ ಪತ್ರಗಳು ಹರಿದಾಡಿದವು, ಅವರ ಹೆಸರು ಕೆಡಿಸುವ ಯತ್ನಗಳು ನಡೆದವು.

ವಾಲಿಸ್ ಅನುಸರಿಸಿದ ಒಂದು ಕ್ರಮ ಗಮನಾರ್ಹ. ಅವರು ಹಸ್ತಪ್ರತಿಯನ್ನು ಪ್ರಕಟಣೆಗೆ ಮೊದಲೇ ಸಂಸ್ಥೆಗೆ ತೋರಿಸಿದರು, ಆಕ್ಷೇಪಗಳನ್ನು ಆಲಿಸಿ ಕೆಲವು ತಿದ್ದುಪಡಿಗಳನ್ನು ಮಾಡಿದರು, ಸೈಂಟಾಲಜಿಯ ಅನುಯಾಯಿಯಾಗಿದ್ದ ಸಮಾಜಶಾಸ್ತ್ರಜ್ಞರೊಬ್ಬರ ಪ್ರತಿಕ್ರಿಯೆಯನ್ನು ಗ್ರಂಥದ ಕೊನೆಯಲ್ಲಿ ಅನುಬಂಧವಾಗಿ ಸೇರಿಸಿದರು. ಇದು ಔದಾರ್ಯವೋ, ಒತ್ತಡಕ್ಕೆ ಮಣಿದದ್ದೋ ಎಂದು ಕೇಳಬಹುದು. ಈ ಸಂಶೋಧನೆಯ ಅನುಭವವನ್ನು ಕುರಿತು ವಾಲಿಸ್ ಅವರೇ ಪ್ರತ್ಯೇಕ ಪ್ರಬಂಧವನ್ನು ಬರೆದಿದ್ದಾರೆ. ತಾನು ಹೇಗೆ ತಿಳಿದೆನೆಂಬುದನ್ನು ಸಂಶೋಧಕನು ಮುಚ್ಚಿಡದಿರುವುದೇ ಆತನ ಪ್ರಾಮಾಣಿಕತೆಯ ಅಳತೆ.

ಇದೇ ಮಾರ್ಗದಲ್ಲಿ ಮುಂದೆ ಬಂದ ಹ್ಯೂ ಅರ್ಬನ್ ಅವರ 2011ರ ಗ್ರಂಥವು, ಒಂದು ಸಂಸ್ಥೆ 'ಧರ್ಮ'ವೆಂಬ ಹೆಸರನ್ನು ಪಡೆಯುವ ಪ್ರಕ್ರಿಯೆಯನ್ನು ಶೀತಲಸಮರದ ಕಾಲದ ಗೋಪ್ಯತೆ, ಸಂಶಯಗಳ ಹಿನ್ನೆಲೆಯಲ್ಲಿಟ್ಟು ಪರಿಶೀಲಿಸುತ್ತದೆ.

5. ದಫ್ತರ ತೆರೆದಾಗ: ಆರ್ಮ್‌ಸ್ಟ್ರಾಂಗ್ ಮತ್ತು ಮಿಲ್ಲರ್

ಹಬ್ಬರ್ಡ್ ಅವರ ಜೀವನಚರಿತ್ರೆಯ ವಿಷಯದಲ್ಲಿ ನಿರ್ಣಾಯಕ ತಿರುವು ಬಂದದ್ದು ಒಬ್ಬ ನಿಷ್ಠಾವಂತ ಅನುಯಾಯಿಯಿಂದ. 1980ರ ಆರಂಭದಲ್ಲಿ ಜೆರಿ ಆರ್ಮ್‌ಸ್ಟ್ರಾಂಗ್ ಎಂಬ ಕಾರ್ಯಕರ್ತರಿಗೆ, ನಾಶಪಡಿಸಲೆಂದು ಎತ್ತಿಟ್ಟಿದ್ದ ಕಾಗದಗಳ ನಡುವೆ ಹಬ್ಬರ್ಡ್ ಅವರ ಹಳೆಯ ಪತ್ರ, ದಿನಚರಿಗಳು ದೊರೆತವು. ಗುರುವಿನ ಅಧಿಕೃತ ಜೀವನಚರಿತ್ರೆಗೆ ಇವು ಬೇಕೆಂದು ಅನುಮತಿ ಕೇಳಿ ಪಡೆದು, ಅವರು ಸಂಗ್ರಹವನ್ನು ಬೆಳೆಸತೊಡಗಿದರು. ಬರೆಯುವ ಹೊಣೆ ಓಮರ್ ಗ್ಯಾರಿಸನ್ ಎಂಬ ಲೇಖಕರದಾಗಿತ್ತು.

ಆರ್ಮ್‌ಸ್ಟ್ರಾಂಗ್ ಕೆಲಸಕ್ಕೆ ತೊಡಗಿದ್ದು ಟೀಕಾಕಾರರ ಮಾತು ಸುಳ್ಳೆಂದು ತೋರಿಸಲು. ಆದರೆ ಕಡತ ತೆರೆದಂತೆಲ್ಲ ಪ್ರಚಾರದ ಮಾತಿಗೂ ದಾಖಲೆಗೂ ತಾಳೆಯಾಗದೆ ಹೋಯಿತು. ತಪ್ಪುಗಳನ್ನು ತಿದ್ದಿಕೊಳ್ಳಬೇಕೆಂದು ಅವರು ಮೇಲಿನವರಿಗೆ ಬರೆದರು, ಫಲವಾಗಲಿಲ್ಲ. 1981ರ ಡಿಸೆಂಬರಿನಲ್ಲಿ ಅವರು ಸಂಸ್ಥೆಯನ್ನು ತೊರೆದರು. ಕಾಗದಗಳಿಗಾಗಿ ಸಂಸ್ಥೆ ದಾವೆ ಹೂಡಿತು. 1984ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ಪಾಲ್ ಬ್ರೆಕೆನ್‌ರಿಜ್ ಅವರು ಆರ್ಮ್‌ಸ್ಟ್ರಾಂಗ್ ಪರವಾಗಿ ತೀರ್ಪಿತ್ತರು. ಗ್ಯಾರಿಸನ್ ಅವರ ಅಧಿಕೃತ ಜೀವನಚರಿತ್ರೆ ಬೆಳಕು ಕಾಣಲಿಲ್ಲ. ಆದರೆ ವಿಚಾರಣೆಯಿಂದಾಗಿ ಅದರ ಸಾಮಗ್ರಿಯ ಬಹುಭಾಗ ಬೆಳಕಿಗೆ ಬಂತು.

ಈ ಸಾಮಗ್ರಿಯನ್ನೂ ತಾವೇ ಕಲೆಹಾಕಿದ ದಾಖಲೆ, ಸಂದರ್ಶನಗಳನ್ನೂ ಬಳಸಿಕೊಂಡು ಬ್ರಿಟಿಷ್ ಪತ್ರಕರ್ತ ರಸೆಲ್ ಮಿಲ್ಲರ್ 1987ರಲ್ಲಿ 'ಬೇರ್-ಫೇಸ್ಡ್ ಮೆಸ್ಸಾಯ' ಎಂಬ ಜೀವನಚರಿತ್ರೆಯನ್ನು ಪ್ರಕಟಿಸಿದರು. ಇದರ ರಚನಾವಿಧಾನವನ್ನು ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. ಆಯಾ ಅವಧಿಯ ಬಗ್ಗೆ ಸಂಸ್ಥೆಯ ಪ್ರಕಟಣೆಗಳು ಹೇಳುವ ವೃತ್ತಾಂತವನ್ನು ಮಿಲ್ಲರ್ ಅಧ್ಯಾಯದ ತಲೆಯಲ್ಲಿ ಮೊದಲು ಕೊಡುತ್ತಾರೆ. ಆಮೇಲೆ ದಾಖಲೆಯ ವೃತ್ತಾಂತ ಬರುತ್ತದೆ. ಬಖರನ್ನೂ ದಫ್ತರವನ್ನೂ ಎದುರುಬದುರು ಇಟ್ಟು ತೀರ್ಮಾನವನ್ನು ಓದುಗನಿಗೆ ಬಿಡುವ ಕ್ರಮವಿದು.

ಮೂರು ಉದಾಹರಣೆಗಳು ಸಾಕು. ಹಬ್ಬರ್ಡ್ ಅಣುವಿಜ್ಞಾನದಲ್ಲಿ ಪರಿಣತರೆಂದು ಪ್ರಚಾರವಿತ್ತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ದಾಖಲೆಯ ಪ್ರಕಾರ ಅವರು ಪದವಿ ಪಡೆಯದೆ ಎರಡು ವರ್ಷಗಳಲ್ಲಿ ಹೊರಬಿದ್ದರು, ಅಣುವಿದ್ಯಮಾನಗಳ ಪಠ್ಯದಲ್ಲಿ ಅನುತ್ತೀರ್ಣರಾಗಿದ್ದರು. ಯುದ್ಧಾಂತ್ಯದಲ್ಲಿ ಅಂಗವಿಕಲರೂ ಅಂಧರೂ ಆಗಿದ್ದ ಅವರು ತಮ್ಮ ವಿಧಾನದಿಂದಲೇ ತಮ್ಮನ್ನು ಗುಣಪಡಿಸಿಕೊಂಡರೆಂದು ಕಥೆಯಿತ್ತು. ನೌಕಾಪಡೆಯ ವೈದ್ಯಕೀಯ ಕಡತದಲ್ಲಿ ಜಠರದ ಹುಣ್ಣು, ಕಣ್ಣುಬೇನೆಯಂಥ ಕಾಯಿಲೆಗಳಿವೆ, ಯುದ್ಧಗಾಯಗಳಿಲ್ಲ. 1943ರ ಮೇ ತಿಂಗಳಲ್ಲಿ ಒರೆಗಾನ್ ತೀರದಾಚೆ ಅವರ ನೇತೃತ್ವದ ಪಿಸಿ-815 ನೌಕೆಯು ಜಪಾನಿನ ಎರಡು ಜಲಾಂತರ್ಗಾಮಿಗಳೊಂದಿಗೆ ಎರಡು ದಿನಗಳಿಗೂ ಮೀರಿ ಕಾದಿತೆಂದು ಅವರು ವರದಿ ಮಾಡಿದ್ದರು. ಅಲ್ಲಿ ಯಾವ ಜಲಾಂತರ್ಗಾಮಿಯೂ ಇರಲಿಲ್ಲವೆಂದು ಮೇಲಧಿಕಾರಿಗಳು ನಿರ್ಣಯಿಸಿದರು. ಮರುತಿಂಗಳು ಮೆಕ್ಸಿಕೋದ ದ್ವೀಪದ ಬಳಿ ಗುಂಡು ಹಾರಿಸಿದ ಪ್ರಕರಣದ ನಂತರ ಅವರನ್ನು ನೌಕೆಯ ನಾಯಕತ್ವದಿಂದ ತೆಗೆಯಲಾಯಿತು.

ಎರಡನೆಯ ಉದಾಹರಣೆ ಎಲ್ಲಕ್ಕಿಂತ ಭಾರವಾದದ್ದು. ಪದವಿಯ ಪ್ರಶ್ನೆ ವೈಯಕ್ತಿಕ ಬಡಾಯಿಯೆಂದು ಬಿಡಬಹುದು. ಆದರೆ ಸ್ಥಾಪಕರು ತಮ್ಮನ್ನು ತಾವೇ ಗುಣಪಡಿಸಿಕೊಂಡರೆಂಬುದು ಚಿಕಿತ್ಸೆಗೆ ಹಣ ತೆರುವ ಸಾಮಾನ್ಯನಿಗೆ ಕೊಟ್ಟ ಪ್ರಮಾಣ. ಪುರಾಣದ ಉತ್ಪ್ರೇಕ್ಷೆಯು ಕಾವ್ಯದಲ್ಲಿ ಅಲಂಕಾರ. ರೋಗಿಯ ಮುಂದೆ ಇಟ್ಟಾಗ ಅದಕ್ಕೆ ಬೇರೆಯೇ ಹೊಣೆಗಾರಿಕೆ ಅಂಟುತ್ತದೆ.

6. ಉದ್ಧರಣೆಯ ಹಕ್ಕು

ಒಬ್ಬರ ವಿಚಾರವನ್ನು ವಿಮರ್ಶಿಸಬೇಕಾದರೆ ಅವರ ಮಾತನ್ನು ಉದ್ಧರಿಸಲೇಬೇಕು. ಆ ಮಾತಿನ ಹಕ್ಕುಸ್ವಾಮ್ಯ ವಿಮರ್ಶೆಗೆ ಗುರಿಯಾದವರ ಕೈಯಲ್ಲೇ ಇದ್ದರೆ ಏನು ಮಾಡುವುದು? ಸೈಂಟಾಲಜಿ ಕುರಿತ ಗ್ರಂಥಗಳು ಈ ಪ್ರಶ್ನೆಯನ್ನು ಮತ್ತೆ ಮತ್ತೆ ನ್ಯಾಯಾಲಯದ ಮುಂದೆ ತಂದವು.

ಹದಿನಾಲ್ಕು ವರ್ಷ ಸಂಸ್ಥೆಯಲ್ಲಿದ್ದು ಹೊರಬಂದ ಸಿರಿಲ್ ವಾಸ್ಪರ್ 1971ರಲ್ಲಿ 'ದ ಮೈಂಡ್ ಬೆಂಡರ್ಸ್' ಬರೆದಾಗ ಹಬ್ಬರ್ಡ್ ಅವರ ಬರಹಗಳಿಂದ ಧಾರಾಳವಾಗಿ ಉದ್ಧರಿಸಿದ್ದರು. ಕೆಳಗಿನ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಲಂಡನ್ನಿನ ಮೇಲ್ಮನವಿ ನ್ಯಾಯಾಲಯದಲ್ಲಿ ಲಾರ್ಡ್ ಡೆನಿಂಗ್ ಅವರ ಪೀಠ ಅದನ್ನು ತೆರವುಗೊಳಿಸಿತು. ಉದ್ಧರಣೆಗಳ ಸಂಖ್ಯೆ ಮತ್ತು ಗಾತ್ರವೆಷ್ಟು, ಅವನ್ನು ಬಳಸಿದ್ದು ಟೀಕೆಗಾಗಿಯೋ ಮೂಲದೊಂದಿಗೆ ಪೈಪೋಟಿಗಾಗಿಯೋ, ಉದ್ಧರಣೆಗೂ ಲೇಖಕನ ಸ್ವಂತ ಮಾತಿಗೂ ಇರುವ ಪ್ರಮಾಣವೇನು ಎಂಬುದನ್ನು ನೋಡಿ ನ್ಯಾಯಯುತ ಬಳಕೆಯನ್ನು ನಿಶ್ಚಯಿಸಬೇಕೆಂದು ಆ ತೀರ್ಪು ಹೇಳಿತು. ವಿಮರ್ಶೆಯೆಂದರೆ ಶೈಲಿಯ ವಿಮರ್ಶೆ ಮಾತ್ರವಲ್ಲ, ಕೃತಿಯೊಳಗಿನ ವಿಚಾರದ ವಿಮರ್ಶೆಯೂ ಹೌದೆಂದು ಒಪ್ಪಿದ್ದು ಅದರ ಇನ್ನೊಂದು ಮಹತ್ತ್ವ.

ಈ ತೀರ್ಪು ಭಾರತಕ್ಕೂ ಬಂತು. ತೋಪ್ಪಿಲ್ ಭಾಸಿಯವರ ಪ್ರಸಿದ್ಧ ಮಲಯಾಳ ನಾಟಕಕ್ಕೆ ಪ್ರತಿಯಾಗಿ ಸಿವಿಕ್ ಚಂದ್ರನ್ ಬರೆದ ಪ್ರತಿನಾಟಕದ ಮೇಲೆ ಹಕ್ಕುಸ್ವಾಮ್ಯದ ವ್ಯಾಜ್ಯ ನಡೆದಾಗ, ಕೇರಳ ಹೈಕೋರ್ಟು 1996ರಲ್ಲಿ ವಾಸ್ಪರ್ ಪ್ರಕರಣವನ್ನು ಆಧರಿಸಿ ವಿಚಾರಮಾಡಿ, ಪ್ರತಿನಾಟಕವು ವಿಮರ್ಶೆಗಾಗಿ ಮಾಡಿದ ನ್ಯಾಯಯುತ ಬಳಕೆಯೆಂಬ ನಿಲುವನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನ ಒಂದು ಮತವಿವಾದದ ತೀರ್ಪು ಕಾಸರಗೋಡಿನ ರಾಜ್ಯದ ರಂಗಭೂಮಿಗೆ ನೆರವಾದದ್ದು ಹೀಗೆ.

ಮಿಲ್ಲರ್ ಅವರ ಗ್ರಂಥಕ್ಕೆ ಬ್ರಿಟನ್ನಿನಲ್ಲಿ ತಡೆ ಸಿಗಲಿಲ್ಲ. ಅಮೆರಿಕದಲ್ಲಿ ಮಾತ್ರ ಅಪ್ರಕಟಿತ ಪತ್ರ, ದಿನಚರಿಗಳ ಉದ್ಧರಣೆಯೇ ತೊಡಕಾಯಿತು. 1989ರಲ್ಲಿ ಮೇಲ್ಮನವಿ ನ್ಯಾಯಾಲಯ, ದಾವೆ ಹೂಡಲು ವಿಳಂಬವಾಯಿತೆಂಬ ಕಾರಣಕ್ಕೆ ತಡೆಯಾಜ್ಞೆಯನ್ನು ನಿರಾಕರಿಸಿತಾದರೂ, ಅಪ್ರಕಟಿತ ಬರಹದ ಬಳಕೆಯ ಬಗ್ಗೆ ಕಟ್ಟುನಿಟ್ಟಿನ ಮಾತನ್ನಾಡಿತು. ಜೀವನಚರಿತ್ರಕಾರರೂ ಪ್ರಕಾಶಕರೂ ಬೆದರಿದರು. ಮರುವರ್ಷ ಜಾನ್ ಅಟ್ಯಾಕ್ ಅವರ 'ಎ ಪೀಸ್ ಆಫ್ ಬ್ಲೂ ಸ್ಕೈ' ಗ್ರಂಥದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಪ್ರಕಟಿತ ಕೃತಿಗಳ ಉದ್ಧರಣೆಯನ್ನು ನ್ಯಾಯಯುತವೆಂದು ಒಪ್ಪಿತು. 1992ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನು ತಿದ್ದಿ, ಬರಹ ಅಪ್ರಕಟಿತವೆಂಬ ಒಂದೇ ಕಾರಣಕ್ಕೆ ನ್ಯಾಯಯುತ ಬಳಕೆಯನ್ನು ಅಲ್ಲಗಳೆಯಬಾರದೆಂದು ಸ್ಪಷ್ಟಪಡಿಸಿತು.

7. ಕೂಟದಾಖಲೆಯ ಪರೀಕ್ಷೆ: ಲಾರೆನ್ಸ್ ರೈಟ್

2011ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಸಂಸ್ಥೆಯನ್ನು ತೊರೆದ ಚಿತ್ರನಿರ್ದೇಶಕ ಪಾಲ್ ಹ್ಯಾಗಿಸ್ ಕುರಿತು ದೀರ್ಘ ಲೇಖನ ಬರೆದ ಲಾರೆನ್ಸ್ ರೈಟ್, ಅದನ್ನೇ ಬೆಳೆಸಿ 2013ರಲ್ಲಿ 'ಗೋಯಿಂಗ್ ಕ್ಲಿಯರ್' ಎಂಬ ಗ್ರಂಥವನ್ನು ತಂದರು. ಲೇಖನದ ಹಂತದಲ್ಲಿಯೇ ಪತ್ರಿಕೆಯು ಸಂಸ್ಥೆಗೆ 971 ಪ್ರಶ್ನೆಗಳನ್ನು ಕಳುಹಿಸಿತ್ತು. ಉತ್ತರವಾಗಿ ಸಂಸ್ಥೆಯ ಪ್ರತಿನಿಧಿಗಳು 48 ದಪ್ಪ ಕಡತಗಳೊಂದಿಗೆ ಬಂದರು.

ಹಬ್ಬರ್ಡ್ ಅವರ ಯುದ್ಧಸೇವೆಯ ಪ್ರಶ್ನೆ ಅಲ್ಲಿ ಮತ್ತೆ ಎದ್ದಿತು. ಸಂಸ್ಥೆಯು ಮುಂದಿಟ್ಟ ಸೇವಾಮುಕ್ತಿ ಪತ್ರದಲ್ಲಿ 21 ಪದಕಗಳ ಉಲ್ಲೇಖವಿತ್ತು. ಸೇಂಟ್ ಲೂಯಿಯ ಸರ್ಕಾರಿ ದಾಖಲೆಗಾರದಿಂದ ರೈಟ್ ಪಡೆದ ಪ್ರತಿಯಲ್ಲಿ ಇದ್ದದ್ದು 4. ಸಂಸ್ಥೆಯ ಪತ್ರದಲ್ಲಿ ಗಾಯಾಳುಗಳಿಗೆ ನೀಡುವ ಪದಕದ ಜೊತೆ ತಾಳೆಗರಿಯ ಚಿಹ್ನೆಯ ಉಲ್ಲೇಖವಿತ್ತು. ನೌಕಾಪಡೆ ಅಂಥ ಸಂದರ್ಭದಲ್ಲಿ ಬಳಸುವುದು ನಕ್ಷತ್ರದ ಚಿಹ್ನೆಯನ್ನು. ಪತ್ರಕ್ಕೆ ಸಹಿ ಹಾಕಿದ ಅಧಿಕಾರಿಯ ಹೆಸರು ನೌಕಾಪಡೆಯ ದಾಖಲೆಗಳಲ್ಲಿ ಸಿಗಲಿಲ್ಲ. ಹಬ್ಬರ್ಡ್ ಗುಪ್ತಚರ ಕಾರ್ಯದಲ್ಲಿದ್ದುದರಿಂದ ಸರ್ಕಾರಿ ಕಡತವೇ ಅಪೂರ್ಣವೆಂಬುದು ಸಂಸ್ಥೆಯ ಪರವಾದ ವಾದ.

ಶಾಸನಶಾಸ್ತ್ರವನ್ನು ಓದಿದ ವಿದ್ಯಾರ್ಥಿಗೆ ಈ ವಿಧಾನ ಪರಿಚಿತವೇ. ಗಂಗರ ಹಲವು ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ವಾದಿಸಿದಾಗ ಹಿಡಿದದ್ದೂ ಇದೇ ದಾರಿ: ಲಿಪಿ ಆ ಕಾಲದ್ದೇ, ತಿಥಿವಾರ ಕೂಡುತ್ತವೆಯೇ, ಹೆಸರುಗಳು ಬೇರೆಡೆ ದೊರೆಯುತ್ತವೆಯೇ? ಪದಕದ ಚಿಹ್ನೆಯಾಗಲಿ ಅಕ್ಷರದ ತಿರುವಾಗಲಿ, ಸಣ್ಣ ವಿವರವೇ ದೊಡ್ಡ ಹೇಳಿಕೆಯನ್ನು ತೂಗುವ ತಕ್ಕಡಿ.

ರೈಟ್ ತಮ್ಮ ಗ್ರಂಥಕ್ಕಾಗಿ ಹಾಲಿ ಮತ್ತು ಮಾಜಿ ಅನುಯಾಯಿಗಳು ಸೇರಿ ಸುಮಾರು 200 ಜನರನ್ನು ಮಾತನಾಡಿಸಿದರು. ಸಂಸ್ಥೆ ಅಲ್ಲಗಳೆದ ಕಡೆಗಳಲ್ಲಿ ಆ ನಿರಾಕರಣೆಯನ್ನು ಅಡಿಟಿಪ್ಪಣಿಯಾಗಿ ಕೊಟ್ಟರು. ಇಷ್ಟೆಲ್ಲ ಎಚ್ಚರವಿದ್ದರೂ ಬ್ರಿಟನ್ನಿನಲ್ಲಿ ಪ್ರಕಟಿಸಬೇಕಿದ್ದ ಸಂಸ್ಥೆ ಹಿಂದೆ ಸರಿಯಿತು. ಅಲ್ಲಿ ಗ್ರಂಥ ಹೊರಬಂದದ್ದು ಬೇರೊಂದು ಸಣ್ಣ ಪ್ರಕಾಶನದಿಂದ, 2016ರಲ್ಲಿ. ಮಿಲ್ಲರ್ ಅವರ ಕೃತಿಯನ್ನು 2014ರಲ್ಲಿ ಮರುಮುದ್ರಿಸಿದ್ದೂ ಅದೇ ಪ್ರಕಾಶನ.

8. ತೊರೆದುಬಂದವರ ಆತ್ಮಕಥನಗಳು

ಕಳೆದ ದಶಕಗಳಲ್ಲಿ ಹೆಚ್ಚಾಗಿ ಬಂದಿರುವವು ಆತ್ಮಕಥನಗಳು. ಮಾರ್ಕ್ ಹೆಡ್ಲಿ ಅವರ 'ಬ್ಲೋನ್ ಫಾರ್ ಗುಡ್' (2009), ಈಗಿನ ಮುಖ್ಯಸ್ಥ ಡೇವಿಡ್ ಮಿಸ್ಕಾವಿಜ್ ಅವರ ಅಣ್ಣನ ಮಗಳು ಜೆನಾ ಮಿಸ್ಕಾವಿಜ್ ಹಿಲ್ ಅವರ 'ಬಿಯಾಂಡ್ ಬಿಲೀಫ್' (2013), ನಟಿ ಲೇಯಾ ರೆಮಿನಿ ಅವರ 'ಟ್ರಬಲ್‌ಮೇಕರ್' (2015), ಸಂಸ್ಥೆಯ ವಕ್ತಾರರಾಗಿದ್ದ ಮೈಕ್ ರಿಂಡರ್ ಅವರ 'ಎ ಬಿಲಿಯನ್ ಇಯರ್ಸ್' (2022) ಇವುಗಳಲ್ಲಿ ಪ್ರಮುಖ. ಬಾಲ್ಯದಿಂದಲೇ ಸಂಸ್ಥೆಯೊಳಗೆ ಬೆಳೆದ ಮಗುವಿನ ದಿನಚರಿ, ತೊರೆದವರೊಡನೆ ಬಂಧುಗಳು ಮಾತು ಬಿಡುವ ಸಂಕಟ ಮೊದಲಾದವು ಬೇರಾವ ದಾಖಲೆಯಲ್ಲಿಯೂ ಸಿಗದ ಸಂಗತಿಗಳು.

ತೊರೆದವರು ಕಹಿಯಿಂದ ಬರೆಯುತ್ತಾರೆ, ಅವರ ಮಾತನ್ನು ನಂಬಲಾಗದು ಎಂಬುದು ಸಂಸ್ಥೆಯ ವಾದ. ಬ್ರಯನ್ ವಿಲ್ಸನ್ ಅವರಂಥ ಸಮಾಜಶಾಸ್ತ್ರಜ್ಞರೂ ಇಂಥ ಸಾಕ್ಷ್ಯವನ್ನು ಸಂಶಯದಿಂದ ಕಾಣಬೇಕೆಂದಿದ್ದಾರೆ. ಈ ಎಚ್ಚರಿಕೆಯಲ್ಲಿ ಹುರುಳಿದೆ. ಆದರೆ ಅದು ಎರಡೂ ಕಡೆಗೆ ಅನ್ವಯಿಸುತ್ತದೆ. ತೊರೆದವರಿಗೆ ಕಹಿಯಿದ್ದಂತೆ ಉಳಿದವರಿಗೆ ನಿಷ್ಠೆಯಿದೆ, ಭಯವೂ ಇರಬಹುದು. ಆರ್ಮ್‌ಸ್ಟ್ರಾಂಗ್ ತೊರೆದವರು ನಿಜ. ಅವರು ಮುಂದಿಟ್ಟದ್ದು ಮಾತ್ರ ತಮ್ಮ ನೆನಪನ್ನಲ್ಲ, ಸ್ಥಾಪಕರ ಸ್ವಂತ ಕಾಗದವನ್ನು. ಹಾಗಾಗಿ ಸಾಕ್ಷಿಯ ನಿಲುವನ್ನು ನೋಡಿ ಸಾಕ್ಷ್ಯವನ್ನು ಎಸೆಯುವಂತಿಲ್ಲ. ಕಣ್ಣಾರೆ ಕಂಡದ್ದೋ ಕೇಳಿದ್ದೋ, ಪರಸ್ಪರ ಪರಿಚಯವಿಲ್ಲದವರೂ ಅದನ್ನೇ ಹೇಳುತ್ತಾರೋ, ಬರಹದ ಆಧಾರವಿದೆಯೋ ಎಂದು ಒಂದೊಂದಾಗಿ ಕೇಳಬೇಕು.

9. ಸಮಾರೋಪ

ಈ ಗ್ರಂಥಗಳನ್ನು ಒಟ್ಟಾಗಿ ನೋಡಿದಾಗ ನಾಲ್ಕು ಸೂತ್ರಗಳು ದೊರೆಯುತ್ತವೆ. ಮೊದಲನೆಯದು, ಅನುಯಾಯಿಗಳ ವೃತ್ತಾಂತವನ್ನು ಪೂರ್ತಿಯಾಗಿ, ಅವರ ಮಾತಿನಲ್ಲಿಯೇ ಓದಬೇಕು. ಅದು ಸಂಗತಿಗೆ ಆಧಾರವಾಗದಿದ್ದರೂ ಶ್ರದ್ಧೆಗೆ ಆಧಾರ. ಎರಡನೆಯದು, ಹೇಳಿಕೆಗೂ ದಾಖಲೆಗೂ ವಿರೋಧ ಬಂದಾಗ ದಾಖಲೆಯನ್ನೂ ಪರೀಕ್ಷಿಸಬೇಕು. ಮೂರನೆಯದು, ಎದುರು ಪಕ್ಷದ ಉತ್ತರವನ್ನು ಓದುಗನಿಗೆ ಕಾಣುವಲ್ಲಿ ಇಡಬೇಕು. ನಾಲ್ಕನೆಯದು, ಧ್ವನಿಯನ್ನು ತಗ್ಗಿಸಿದಷ್ಟೂ ಸಂಗತಿ ಸ್ಪಷ್ಟವಾಗಿ ಕೇಳುತ್ತದೆ.

ಇವು ದೂರದ ಅಮೆರಿಕದ ಒಂದು ಮತಕ್ಕೆ ಮಾತ್ರ ಸಲ್ಲುವ ಸೂತ್ರಗಳಲ್ಲ. ತನಗೆ ಪರಕೀಯವಾದ ಸ್ಥಾಪಕನ ಮೇಲೆ ಇವನ್ನು ಪ್ರಯೋಗಿಸುವುದು ಎಲ್ಲರಿಗೂ ಸುಲಭ. ತಾನು ಕೈಮುಗಿಯುವ ಮಹಾತ್ಮರ ಚರಿತ್ರೆಯನ್ನು ಓದುವಾಗಲೂ ಅದೇ ಪ್ರಶ್ನೆಗಳನ್ನು ಅದೇ ಸೌಜನ್ಯದಿಂದ ಕೇಳಬಲ್ಲವನೇ ಜೀವನಚರಿತ್ರೆಯ ನಿಜವಾದ ವಿದ್ಯಾರ್ಥಿ. ಗುರುವಿನ ಕೀರ್ತಿಗಾಗಿ ಕಡತ ತೆರೆದ ಆರ್ಮ್‌ಸ್ಟ್ರಾಂಗ್ ಅವರ ಮುಂದೆ ಎರಡು ದಾರಿಗಳಿದ್ದವು: ಕಡತವನ್ನು ಮುಚ್ಚುವುದು, ಇಲ್ಲವೇ ಓದಿದ್ದನ್ನು ಹೇಳುವುದು. ಸಂಶೋಧನೆಯ ಹಾದಿಯಲ್ಲಿ ನಡೆಯುವ ಪ್ರತಿಯೊಬ್ಬರಿಗೂ ಒಮ್ಮೆಯಾದರೂ ಈ ಕವಲು ಎದುರಾಗುತ್ತದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಬಖರು ಮತ್ತು ದಫ್ತರ ಎಂಬ ಎರಡು ಬಗೆಯ ಆಕರಗಳ ವ್ಯತ್ಯಾಸವನ್ನು ರಸೆಲ್ ಮಿಲ್ಲರ್ ಅವರ ರಚನಾವಿಧಾನದ ಹಿನ್ನೆಲೆಯಲ್ಲಿ ವಿವರಿಸಿರಿ.

2. ಹಸ್ತಪ್ರತಿಯನ್ನು ಅಧ್ಯಯನಕ್ಕೊಳಗಾದ ಸಂಸ್ಥೆಗೇ ತೋರಿಸಿದ ರಾಯ್ ವಾಲಿಸ್ ಅವರ ಕ್ರಮದ ಗುಣದೋಷಗಳನ್ನು ಚರ್ಚಿಸಿರಿ.

3. ವಿಮರ್ಶೆಗಾಗಿ ಮಾಡುವ ಉದ್ಧರಣೆಯು ಯಾವಾಗ ನ್ಯಾಯಯುತವಾಗುತ್ತದೆ? ವಾಸ್ಪರ್ ಪ್ರಕರಣ ಹಾಗೂ ಕೇರಳದ ಪ್ರತಿನಾಟಕದ ಪ್ರಕರಣಗಳನ್ನು ಆಧರಿಸಿ ಬರೆಯಿರಿ.

4. ತೊರೆದುಬಂದವರ ಆತ್ಮಕಥನವನ್ನು ಆಕರವಾಗಿ ಬಳಸುವಾಗ ವಹಿಸಬೇಕಾದ ಎಚ್ಚರಗಳಾವುವು?

5. ಕನ್ನಡ ಅಥವಾ ಮರಾಠಿಯ ಯಾವುದಾದರೊಂದು ಸಂತಚರಿತ್ರೆ ಇಲ್ಲವೆ ಶರಣಚರಿತ್ರೆಯಿಂದ ಒಂದು ಪ್ರಸಂಗವನ್ನು ಆರಿಸಿಕೊಂಡು, ಅದರಲ್ಲಿ ಶ್ರದ್ಧೆಯ ಅಂಶ ಯಾವುದು, ಪರಿಶೀಲಿಸಬಹುದಾದ ಸಂಗತಿ ಯಾವುದು ಎಂಬುದನ್ನು ಬೇರ್ಪಡಿಸಿ ತೋರಿಸಿರಿ.